ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋದ ದಿನ

ಆ ದಿನ ನಳದಲ್ಲಿ ನೀರು ಬಂದಿದ್ದರಿಂದ ಎದ್ದ ಕೂಡಲೇ ಬ್ಯಾರಲ್ ತುಂಬಿಸಿದೆ. ಅಂಗಳಕ್ಕೆ ನೀರು ಹೊಡೆದು ಸಣ್ಣದೊಂದು ರಂಗೋಲಿ ಎಳೆದೆ. ಕುಪ್ಪೇಲೂರಿನಿಂದ ಹಾಲು ತರುವವಳಿಗೆ ನಿನ್ನೆಯ ಹಾಲು ತೆಳ್ಳಗಿತ್ತೆಂದು ಹೇಳಿದೆ. ಎಮ್ಮೆಗೆ ಹೇಳುತ್ತೇನೆ ಎಂದು ಅವಳು ಹೋದಳು. ರೊಟ್ಟಿ ಬಡಿದೆ, ಹೆಸರುಕಾಳಿನ ಪಲ್ಯ ಮಾಡಿ ಯಜಮಾನರ ಡಬ್ಬಿ ಕಟ್ಟಿದೆ. ಹೊದಿಕೆಗಳನ್ನು ಒಗೆದು ಹಾಕಿದೆ. ಮಾಳಿಗೆಯ ಮೇಲೆ ಶೇಂಗಾ ಹರವಿ ಕಾಗೆ ಬಾರದಂತೆ ಹಳೇ ಸೀರೆ ಮುಚ್ಚಿದೆ. ಮಧ್ಯಾಹ್ನ ಉಂಡು, ದಿಂಬಿನ ಚೀಲದ ಹೊಲಿಗೆ ಬಿಟ್ಟಿದ್ದನ್ನು ಹೊಲಿದೆ. ಬೆಳ್ಳುಳ್ಳಿ ಸುಲಿದೆ. ಸಂಜೆ ಯಜಮಾನರನ್ನು ಆಸ್ಪತ್ರೆಗೆ ಸೇರಿಸಿದೆ.

ಕೊನೆಯದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಯಾವ ದಿನವಾದರೂ ಮಾಡುವಂಥದ್ದೇ.

ನಮ್ಮವರು ಬೆಂಕಿ ಆರಿಸುವ ಇಲಾಖೆಯಲ್ಲಿದ್ದಾರೆ. ರಾಣೆಬೆನ್ನೂರಿನಲ್ಲಿ ಮನೆ ಮಾಡಿ ಬಹಳ ವರ್ಷಗಳಾದವು. ಬೆಂಕಿ ಆರಿಸುವವರು ಎಂದರೆ ಬೆಂಕಿ ಮಾತ್ರ ಆರಿಸುತ್ತಾರೆ ಎಂದು ಮದುವೆಯ ಹೊತ್ತಿಗೆ ನಾನೂ ತಿಳಿದಿದ್ದೆ. ಆಮೇಲೆ ಗೊತ್ತಾಯಿತು. ಬಾವಿಗೆ ಬಿದ್ದ ಆಕಳು, ಲಿಫ್ಟಿನಲ್ಲಿ ಸಿಕ್ಕಿಕೊಂಡ ಮನುಷ್ಯ, ಸೋರುವ ಗ್ಯಾಸು, ಪಲ್ಟಿಯಾದ ಟ್ಯಾಂಕರು ಎಲ್ಲವೂ ಇವರ ಪಾಲಿಗೇ ಬರುತ್ತವೆ. ಹೆದ್ದಾರಿ ನಮ್ಮ ಜಿಲ್ಲೆಯ ನಡುವೆ ಹಾದುಹೋಗಿರುವುದರಿಂದ ದೇಶದಲ್ಲಿ ಎಲ್ಲೋ ತಯಾರಾದದ್ದು ಇನ್ನೆಲ್ಲೋ ಹೋಗುವಾಗ ನಮ್ಮಲ್ಲಿ ಚೆಲ್ಲಿ ಹೋಗುತ್ತದೆ. ಚೆಲ್ಲಿದ್ದು ಹಾಲೋ ಅಡುಗೆ ಎಣ್ಣೆಯೋ ಆದರೆ ಜನ ತಾವೇ ಕೊಡ ಹಿಡಿದು ಬರುತ್ತಾರೆ. ಉಳಿದದ್ದು ಏನು ಚೆಲ್ಲಿದರೂ ಇವರಿಗೆ ಫೋನು.

ನಮ್ಮವರಿಗೆ ಬೆಂಕಿಯ ಹೆದರಿಕೆ ಇರಲಿಲ್ಲ, ಟ್ಯಾಂಕರಿನದೂ ಇರಲಿಲ್ಲ. ಠಾಣೆಯಲ್ಲಿ ಫೋನು ಇರುವ ಮೇಜಿನ ಹೆದರಿಕೆ ಇತ್ತು. ಹೊಗೆ, ವಿಷಗಾಳಿ ಇರುವ ಕಡೆ ಹೋಗುವವರು ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಳ್ಳಬೇಕು. ಅದನ್ನು ಹೊತ್ತು ಓಡುವಷ್ಟು ದಮ್ಮು ಇದೆಯೇ ಎಂದು ಆಗಾಗ ಪರೀಕ್ಷೆ ಮಾಡುತ್ತಾರೆ. ದಮ್ಮು ಸಾಲದವರು ಗಾಡಿಯಿಂದ ಇಳಿದು ಫೋನಿನ ಮುಂದೆ ಕೂಡಬೇಕು. ಇವರ ಜೊತೆ ಸೇರಿದವರು ಒಬ್ಬೊಬ್ಬರಾಗಿ ಆ ಮೇಜಿಗೆ ಬಂದು, ಅಲ್ಲಿಂದ ನಿವೃತ್ತಿಯಾಗಿ ಹೋಗಿದ್ದರು. ಇವರು ಮಾತ್ರ ಗಾಡಿಯಲ್ಲೇ ಉಳಿದಿದ್ದರು. ಅದಕ್ಕಾಗಿ ಮಾಳಿಗೆಯ ಮೆಟ್ಟಿಲನ್ನು ದಿನಾ ಅಕ್ಕಿಚೀಲ ಹೊತ್ತು ಹತ್ತಿ ಇಳಿಯುತ್ತಿದ್ದರು. ಚೀಲದಲ್ಲಿ ನಮ್ಮ ಅಕ್ಕಿಯೇ ಇರುತ್ತಿದ್ದದ್ದರಿಂದ ಅಡುಗೆಗೆ ಅಕ್ಕಿ ಬೇಕಾದರೆ ಅವರು ಕೆಳಗಿಳಿಯುವ ತನಕ ಕಾಯಬೇಕಿತ್ತು. ಠಾಣೆಯಲ್ಲಿ ಸಾಹೇಬರ ಮುಂದೆ ತಡೆದಿಟ್ಟ ಕೆಮ್ಮನ್ನೆಲ್ಲ ಮನೆಗೆ ತಂದು ಕೆಮ್ಮುತ್ತಿದ್ದರು. ದವಾಖಾನೆಗೆ ಹೋಗೋಣ ಎಂದರೆ, ದವಾಖಾನೆಗೆ ಹೋದ ಸುದ್ದಿ ಠಾಣೆಗೆ ನಮಗಿಂತ ಮೊದಲು ತಲುಪುತ್ತದೆ ಎನ್ನುತ್ತಿದ್ದರು.

ಎಣ್ಣೆಯ ವಿಷಯ ಬ್ಯಾಡಗಿಯಿಂದ ಬಂದದ್ದು. ಅಲ್ಲಿ ಇವರ ತಂಗಿ ಇದ್ದಾಳೆ. ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿನ ಹೆಂಗಸರು ರಾಶಿಯ ಮುಂದೆ ಕೂಡುವ ಮೊದಲು ಬೆರಳ ಸಂದಿಗೆ, ಮುಂಗೈಗೆ, ಕುತ್ತಿಗೆಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾರೆ. ಖಾರ ಎಣ್ಣೆಯನ್ನು ಹಿಡಿಯುತ್ತದೆ, ಮೈಯನ್ನು ಹಿಡಿಯುವುದಿಲ್ಲ ಎನ್ನುವುದು ಅವರ ಮಾತು. ಒಂದು ಬೇಸಿಗೆಯಲ್ಲಿ ಮೆಣಸಿನಕಾಯಿ ಇಟ್ಟಿದ್ದ ಗೋದಾಮಿಗೆ ಬೆಂಕಿ ಬಿದ್ದಾಗ ನಮ್ಮವರು ಹೋಗಿದ್ದರು. ಅಂಥ ಬೆಂಕಿಗೆ ನೀರು ಹೊಡೆದರೆ ಅರ್ಧ ನೀರು ಖಾರವಾಗಿ ತಿರುಗಿ ಮೈಮೇಲೆ ಬೀಳುತ್ತದೆ. ಮನೆಗೆ ಬಂದವರು ಬಚ್ಚಲಲ್ಲಿ ಕೂತು ಹೊರಗೆ ಬರಲಿಲ್ಲ. ಊಟವನ್ನೂ ಬಾಗಿಲ ಸಂದಿಯಿಂದಲೇ ಕೊಟ್ಟೆ. ತಂಗಿ ಸುದ್ದಿ ಕೇಳಿ ಬಂದು, ಬಚ್ಚಲ ಬಾಗಿಲ ಮುಂದೆ ನಿಂತು, ಇಷ್ಟು ವರ್ಷ ನೌಕರಿ ಮಾಡಿದವನಿಗೆ ಮೊದಲು ಎಣ್ಣೆ ಹಚ್ಚಿಕೋಬೇಕು ಎನ್ನುವುದು ತಿಳಿಯುವುದಿಲ್ಲವೇ ಎಂದು ಬೈದಳು. ಮುಂದಿನ ಸಲ ಅಂಥದೇ ಬೆಂಕಿಗೆ ಇವರು ಎಣ್ಣೆ ಹಚ್ಚಿಕೊಂಡು ಹೋದರು. ಉರಿ ಅಷ್ಟಾಗಲಿಲ್ಲ. ಅವತ್ತಿನಿಂದ ಡ್ಯೂಟಿಯ ಚೀಲದಲ್ಲಿ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ಸೇರಿತು. ಯಾವ ಕರೆ ಬಂದರೂ ಗಾಡಿ ಹತ್ತುವಾಗ ಮೊದಲು ಅಂಗೈಗೆ ಎಣ್ಣೆ ಹೊಯ್ದುಕೊಳ್ಳುವುದು ರೂಢಿಯಾಯಿತು. ಕೆಲವರು ನಕ್ಕರು, ಕೆಲವರು ಅಂಗೈ ಚಾಚಿದರು.

ಆ ದಿನ ಹೆದ್ದಾರಿಯಲ್ಲಿ, ಬ್ಯಾಡಗಿಗೆ ತಿರುಗುವ ದಾರಿಗಿಂತ ಸ್ವಲ್ಪ ಈಚೆಗೆ, ಬೆಳೆಗೆ ಹೊಡೆಯುವ ಔಷಧಿಯ ಕ್ಯಾನುಗಳನ್ನು ಹೇರಿಕೊಂಡಿದ್ದ ವಾಹನವೊಂದು ಮಗುಚಿತ್ತು. ಹುಳ ಸಾಯಿಸುವ ಔಷಧಿ. ಹುಳಕ್ಕೆ ನೀರಿನಲ್ಲಿ ಕಲಸಿ ಹೊಡೆಯುತ್ತಾರೆ, ಇಲ್ಲಿ ಅದು ಕಲಸದೆ ಹಾಗೆಯೇ ಹರಿದಿತ್ತು. ನಮ್ಮವರ ಗಾಡಿ ಹೋಯಿತು. ಜನರನ್ನು ಗಾಳಿ ಬರುವ ಕಡೆಗೆ ಸರಿಸಿದರು, ಹರಿದದ್ದಕ್ಕೆ ಮಣ್ಣಿನ ಒಡ್ಡು ಕಟ್ಟಿದರು, ಒಡೆಯದ ಕ್ಯಾನುಗಳನ್ನು ಎತ್ತಿ ಇನ್ನೊಂದು ಲಾರಿಗೆ ಕೊಟ್ಟರು. ಕೈಗವಸು, ಬೂಟು, ಮುಖವಾಡ, ಮೇಲಿನ ಕೋಟು ಎಲ್ಲ ಹಾಕಿಕೊಂಡಿದ್ದರು. ಎಲ್ಲವೂ ಸರಿಯಾಗಿಯೇ ಇದ್ದವು. ಕೈಗವಸಿನ ಒಳಗೆ ಎಣ್ಣೆ ಹಚ್ಚಿದ ಕೈ ಇತ್ತು, ಅಷ್ಟೇ. ಕ್ಯಾನನ್ನು ತಲೆಯ ಮೇಲಕ್ಕೆ ಎತ್ತಿ ಲಾರಿಯವನಿಗೆ ಕೊಡುವಾಗ ಮುಚ್ಚಳದ ಬಳಿ ಸೋರಿದ್ದು ಮಣಿಕಟ್ಟಿಗಿಳಿದು ಕೈಗವಸಿನೊಳಗೂ ಕೋಟಿನ ತೋಳಿನೊಳಗೂ ಹೋಯಿತು. ಕೆಲಸ ಮುಗಿದ ಮೇಲೆ ಪೈಪಿನ ನೀರಲ್ಲಿ ಒಬ್ಬರನ್ನೊಬ್ಬರು ತೊಳೆದುಕೊಂಡರು. ಎಣ್ಣೆಯ ಮೇಲೆ ಬಿದ್ದ ನೀರು ಏನು ಮಾಡುತ್ತದೆ ಎನ್ನುವುದನ್ನು ಎಣ್ಣೆಯ ಬಾಣಲೆ ತೊಳೆದ ಯಾರಾದರೂ ಬಲ್ಲರು. ಠಾಣೆಗೆ ಬಂದು ಸಾಬೂನು ಹಚ್ಚಿ ಮೈ ತೊಳೆಯಬೇಕೆಂಬ ನಿಯಮವಿತ್ತು. ಇವರು ಮನೆಯಲ್ಲಿ ಬಿಸಿನೀರಿದೆ ಎಂದು, ಬಟ್ಟೆ ಮಾತ್ರ ಬದಲಿಸಿ, ಬಿಚ್ಚಿದ್ದನ್ನು ಚೀಲಕ್ಕೆ ತುರುಕಿಕೊಂಡು ಬಂದುಬಿಟ್ಟರು.

ಬಂದವರು ಮೊದಲು ಚಹಾ ಕೇಳಿದರು. ಚೀಲದಿಂದ ಬಟ್ಟೆ ತೆಗೆದು ಬಕೆಟ್ಟಿಗೆ ಹಾಕಿ ಬಂದು ಚಹಾಕ್ಕಿಟ್ಟೆ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರಿದ್ದರು. ಬಿಸಿಲು ಅಂದರು. ಕಣ್ಣಲ್ಲಿ ನೀರು ಬರುತ್ತಿತ್ತು. ದೂಳು ಅಂದರು. ಬಾಯಲ್ಲಿ ನೀರೂರಿ ಎರಡು ಸಲ ಎದ್ದು ಹೋಗಿ ಉಗಿದು ಬಂದರು. ಅದಕ್ಕೆ ನಾನು ಸುಲಿಯುತ್ತಿದ್ದ ಬೆಳ್ಳುಳ್ಳಿ ಕಾರಣವಾಯಿತು. ಕಣ್ಣಿನ ರೆಪ್ಪೆ ಅದುರುತ್ತಿತ್ತು. ಗಂಡಸರಿಗೆ ಬಲಗಣ್ಣು ಅದುರಿದರೆ ಒಳ್ಳೆಯದೋ ಎಡಗಣ್ಣು ಅದುರಿದರೆ ಒಳ್ಳೆಯದೋ ಎಂದು ನನ್ನನ್ನು ಕೇಳಿದರು. ಬಲಗಣ್ಣು ಎಂದೆ. ಅವರಿಗೆ ಎರಡೂ ಅದುರುತ್ತಿದ್ದವು.

ಚಹಾ ಕೊಡುವಾಗ, "ಲೈಟ್ ಹಚ್ಚಾಕ ಏನಾಗೇತಿ ನಿನಗ? ಕತ್ತಲಾಗ ಕುಂದರಸೀಯಲ್ಲ" ಅಂದರು.

ಲೈಟು ಹತ್ತಿಯೇ ಇತ್ತು. ಹೊರಗೆ ಇನ್ನೂ ಬಿಸಿಲಿತ್ತು. ನಾನು ಲೋಟ ಕೆಳಗಿಟ್ಟು ಅವರ ಗದ್ದ ಹಿಡಿದು ಕಿಟಕಿಯ ಕಡೆ ತಿರುಗಿಸಿದೆ. ಮದುವೆಯಾದಾಗಿನಿಂದ ನಾನು ಹಾಗೆ ಗದ್ದ ಹಿಡಿದದ್ದಿಲ್ಲವಾದ್ದರಿಂದ ಅವರು ಸುಮ್ಮನೆ ತಿರುಗಿದರು. ಕಣ್ಣಿನ ನಡುವಿನ ಕರಿ ಬೊಟ್ಟು ಸಾಸಿವೆಯಷ್ಟೂ ಇರಲಿಲ್ಲ.

ನನ್ನ ತವರು ಐರಣಿ. ಹೊಳೆಯ ದಂಡೆಯ ಹೊಲಗಳಲ್ಲಿ ಹತ್ತಿಗೆ ಔಷಧಿ ಹೊಡೆದು, ಕೈ ತೊಳೆಯದೆ ಬುತ್ತಿ ಬಿಚ್ಚಿ ಉಂಡು, ಜೊಲ್ಲು ಸುರಿಸುತ್ತ ಚಕ್ಕಡಿಯಲ್ಲಿ ಮಲಗಿ ಬಂದವರನ್ನು ಸಣ್ಣವಳಿದ್ದಾಗ ನೋಡಿದ್ದೆ. ಕೆಲವರು ಎದ್ದು ಕೂತಿದ್ದರು. ಎಲ್ಲರೂ ಅಲ್ಲ.

"ಇವತ್ತ ಏನು ಚೆಲ್ಲಿತ್ರಿ?" ಎಂದು ಕೇಳಿದೆ.

ಹೇಳಿದರು. ಸಾಬೂನು ಹಚ್ಚಿ ತೊಳೆದುಕೊಂಡಿರೇನು ಎಂದು ಕೇಳಿದೆ. ಇಲ್ಲವೆಂದರು. ಹೋಗುವಾಗ ಎಣ್ಣೆ ಹಚ್ಚಿಕೊಂಡಿದ್ದಿರೇನು ಎಂದು ಕೇಳಿದೆ. ಅವರು ಲೋಟ ಎತ್ತಿ ಚಹಾ ಕುಡಿಯಲು ನೋಡಿದರು. ತುಟಿ ನಿಲ್ಲದೆ ಚಹಾ ಅಂಗಿಯ ಮೇಲೆ ಇಳಿಯಿತು. ಹಾವೇರಿಯ ದೊಡ್ಡಾಸ್ಪತ್ರೆಗೆ ಹೋಗಬೇಕೆಂದೆ.

"ನನಗೇನಾಗಿಲ್ಲ. ಸ್ನಾನ ಮಾಡಿ ಮಕ್ಕೋತೇನಿ, ನಾಳೆ ಎಲ್ಲಾ ಸರಿ ಆಗ್ತೈತಿ. ದವಾಖಾನಿಗೆ ಹೋದ್ರ ಮುಗೀತು. ನಾಡಿದ್ದಿಂದ ಹಲೋ ಹಲೋ ಅನಕೋಂತ ಕುಂದರಬೇಕು."

ಹಲೋ ಅನ್ನುವವರು ಬದುಕಿರುತ್ತಾರಲ್ಲ ಎಂದೆ. ಅದೂ ತಾಗಲಿಲ್ಲ. ಗೋಡೆ ಹಿಡಿದು ಎದ್ದು ಬಚ್ಚಲ ಕಡೆ ಹೊರಟರು. ಅವರನ್ನು ಹೊತ್ತುಕೊಂಡು ಹೋಗುವಷ್ಟು ಶಕ್ತಿ ನನಗಿಲ್ಲ. ಅಕ್ಕಿಚೀಲ ಹೊತ್ತು ಮೆಟ್ಟಿಲು ಹತ್ತುವವರು ಅವರು, ನಾನಲ್ಲ. ಬೇರೇನೂ ತೋಚದೆ ಕೇಳಿದೆ: "ನಿಮ್ಮ ಎಣ್ಣಿ ಮತ್ಯಾರು ಹಚ್ಕೊಂಡ್ರು ಇವತ್ತ?"

ಅವರು ಬಚ್ಚಲ ಹೊಸ್ತಿಲಲ್ಲಿ ನಿಂತರು. ಬೆವರು ಗದ್ದದಿಂದ ತೊಟ್ಟಿಕ್ಕುತ್ತಿತ್ತು. ಡ್ರೈವರ್ ಅಂದರು. ಡ್ರೈವರು ಗಾಡಿಯಲ್ಲೇ ಇರಬೇಕಾದವರು. ಕ್ಯಾನು ಬಹಳ ಇದ್ದದ್ದರಿಂದ ಅವರೂ ಇಳಿದು ಕೈಜೋಡಿಸಿದ್ದರು. ಇಳಿಯುವಾಗ ಎಣ್ಣೆ ಬೇಡ ಎಂದವರಿಗೆ ನಮ್ಮವರೇ ಒತ್ತಾಯ ಮಾಡಿ ಅಂಗೈಗೆ ಹೊಯ್ದಿದ್ದರು.

ಬಂದು ಕುರ್ಚಿಯಲ್ಲಿ ಕೂತು ಫೋನು ತೆಗೆದರು. ಅಂಕಿಗಳು ಕಾಣುತ್ತಿರಲಿಲ್ಲ. ನಾನು ಹಚ್ಚಿಕೊಟ್ಟೆ. ಡ್ರೈವರ ಹೆಂಡತಿ ಎತ್ತಿಕೊಂಡಳು. ಅವರು ಬಂದಾಗಿನಿಂದ ವಾಂತಿ ಮಾಡಿಕೊಂಡು ಈಗ ಮಲಗಿದ್ದಾರೆ, ದಾರಿಯಲ್ಲಿ ಮಿರ್ಚಿ ತಿಂದಿರಬೇಕು, ದಿಂಬೆಲ್ಲ ಜೊಲ್ಲು ಎಂದು ನಗುತ್ತ ಹೇಳಿದಳು. ಮನೆಯಲ್ಲಿ ಎಂದೂ ಕೇಳದ ದನಿಯಲ್ಲಿ ನಮ್ಮವರು ಮಾತಾಡಿದರು. ಠಾಣೆಯ ದನಿ ಅದೇ ಇರಬೇಕು.

"ತಂಗೀ, ನಗಬ್ಯಾಡ, ಕೇಳು. ಅವನ್ನ ಎಬ್ಬಿಸು. ಕೈಗೆ ಪ್ಲಾಸ್ಟಿಕ್ ಚೀಲ ಹಾಕ್ಕೊಂಡು ಅಂಗಿ ತಗಿ, ಬರೇ ಕೈಲೆ ಮುಟ್ಟಬ್ಯಾಡ. ಸಾಬಾಣ ಹಚ್ಚಿ ತೊಳಿ. ಗಾಡಿ ಬರ್ತೈತಿ."

ಆಮೇಲೆ ಸಾಹೇಬರಿಗೆ ಫೋನು ಹಚ್ಚಲು ಹೇಳಿದರು. ನಾನು ಫೋನನ್ನು ಅವರ ಕಿವಿಗೆ ಹಿಡಿದು ನಿಂತೆ, ಏಕೆಂದರೆ ಅಷ್ಟರಲ್ಲಿ ಅವರ ಕೈ ನಡುಗಲು ಸುರುವಾಗಿತ್ತು.

"ಸರ್, ಇಬ್ಬರಿಗೆ ವಿಷ ಏರೇತಿ. ಒಬ್ಬ ಡ್ರೈವರ್, ಒಬ್ಬ ನಾನು. ಕೈಗವಸಿಂದೇನೂ ತಪ್ಪಿಲ್ಲ ಸರ್. ಒಳಗ ಎಣ್ಣಿ ಹಚ್ಚಿದ್ವಿ. ಎಣ್ಣಿ ನಂದು."

ಇಷ್ಟು ಹೇಳಿ ಅಲ್ಲೇ ವಾಂತಿ ಮಾಡಿಕೊಂಡರು.

ಸಾಹೇಬರು ಕಳಿಸಿದ ಆಂಬುಲೆನ್ಸು ಬರುವಷ್ಟರಲ್ಲಿ ನನ್ನ ಕೈಗೂ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಅವರಿಗೆ ಬಚ್ಚಲಲ್ಲಿ ಬಟ್ಟೆಯ ಸಾಬೂನನ್ನೇ ಹಚ್ಚಿ ತೊಳೆದೆ. ಮೈಸಾಬೂನು ತೀರಿತ್ತು. ಹಾವೇರಿಯ ತನಕ ಇಬ್ಬರನ್ನೂ ಒಂದೇ ಗಾಡಿಯಲ್ಲಿ ಎದುರುಬದರಾಗಿ ಮಲಗಿಸಿದ್ದರು. ಡ್ರೈವರಿಗೆ ಎಚ್ಚರ ಬಂದು ಹೋಗಿ ಆಗುತ್ತಿತ್ತು. ಎಚ್ಚರ ಬಂದಾಗೊಮ್ಮೆ, ಗಾಡಿ ಓಡಿಸುವವನು ಗೇರು ತಪ್ಪಾಗಿ ಹಾಕುತ್ತಿದ್ದಾನೆ ಅಂದರು. ನಮ್ಮವರು ಅವರ ಕಡೆಯೇ ನೋಡುತ್ತಿದ್ದರು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಮತ್ತೆ ಸಾಬೂನಿನ ಸ್ನಾನವಾಯಿತು, ತಲೆಗೂದಲು, ಉಗುರಿನ ಸಂದಿ, ಕಿವಿಯ ಹಿಂದೆ ಏನೂ ಬಿಡದೆ. ಇಂಜೆಕ್ಷನ್ನಿನ ಮೇಲೆ ಇಂಜೆಕ್ಷನ್ನು ಕೊಟ್ಟರು. ಡಾಕ್ಟರು ನಮ್ಮ ಮಗಳಾಗುವಷ್ಟು ವಯಸ್ಸಿನ ಹೆಣ್ಣುಮಗಳು. ಎಣ್ಣೆಯ ಸಂಗತಿಯನ್ನು ನಾನು ಹೇಳಿದಾಗ ಬರೆಯುವುದನ್ನು ನಿಲ್ಲಿಸಿದಳು. ಈ ಜಾತಿಯ ಔಷಧಿ ಎಣ್ಣೆಯಲ್ಲಿ ಕರಗುತ್ತದೆ, ಎಣ್ಣೆ ಹಚ್ಚಿದ ಚರ್ಮದಲ್ಲಿ ಅದು ಬೇಗ ಒಳಗಿಳಿಯುತ್ತದೆ, ಕೈಗವಸಿನ ಒಳಗಿನ ಬಿಸಿ ಇನ್ನಷ್ಟು ಇಳಿಸುತ್ತದೆ ಎಂದು ಸಾವಕಾಶವಾಗಿ ತಿಳಿಸಿ ಹೇಳಿದಳು. ಬದುಕುತ್ತಾರೋ ಇಲ್ಲವೋ ಎಂದು ಕೇಳಿದೆ. ಈಗಲೇ ಹೇಳಲಾಗದು, ಕೆಲವು ದಿನ ಉಸಿರಿನ ಮೇಲೆ ಕಣ್ಣಿಡಬೇಕು, ತಡ ಮಾಡಿ ಬಂದಿದ್ದರೆ ಈ ಪ್ರಶ್ನೆಯೇ ಇರುತ್ತಿರಲಿಲ್ಲ ಎಂದಳು. ಆಮೇಲೆ ಅವರ ಬಟ್ಟೆಯನ್ನು ಮುಟ್ಟಿದವರು ಯಾರು ಎಂದಳು. ನಾನು ಎಂದೆ. ನರ್ಸಮ್ಮ ಒಬ್ಬರು ನನ್ನನ್ನು ಕರೆದೊಯ್ದು ಮೊಣಕೈ ತನಕ ತಿಕ್ಕಿ, ಸಾಲದೆಂದು ಪೂರ್ತಿ ಸ್ನಾನವನ್ನೇ ಮಾಡಿಸಿ, ಆಸ್ಪತ್ರೆಯ ಗೌನು ಕೊಟ್ಟರು. ನನ್ನ ತಾಯಿ ಬಿಟ್ಟರೆ ನನಗೆ ಸ್ನಾನ ಮಾಡಿಸಿದವರು ಅವರೇ. ಮನೆಯ ಬಕೆಟ್ಟಿನಲ್ಲಿದ್ದ ಬಟ್ಟೆಯನ್ನು ಯಾರೂ ಮುಟ್ಟಬಾರದೆಂದು ಪಕ್ಕದ ಮನೆಯವರಿಗೆ ಫೋನು ಮಾಡಿ ಹೇಳಿದೆ. ಮರುದಿನ ಠಾಣೆಯವರೇ ಬಂದು ಬಕೆಟ್ಟಿನ ಸಮೇತ ಒಯ್ದರು.

ನಾದಿನಿ ಬ್ಯಾಡಗಿಯಿಂದ ಬಂದಳು. ಕೆಲಸದಿಂದ ಎದ್ದವಳು ಹಾಗೆಯೇ ಬಸ್ಸು ಹತ್ತಿದ್ದಳು. ಅವಳು ಒಳಗೆ ಕಾಲಿಟ್ಟ ಕೂಡಲೇ ಸೀರೆಯಲ್ಲಿದ್ದ ಖಾರಕ್ಕೆ ವಾರ್ಡಿನ ಎಲ್ಲರೂ ಸೀನಿದರು. ಅವಳನ್ನೂ ತಿರುಗಿಸಿ ತೊಳೆಯಲು ಕಳಿಸಿದರು. ನನ್ನಂಥದೇ ಗೌನಿನಲ್ಲಿ ಬಂದು ಅಣ್ಣನ ಕಾಲ ಬಳಿ ನಿಂತಳು. ಎಣ್ಣೆಯ ಸುದ್ದಿಯನ್ನು ಯಾರೋ ಬಾಗಿಲಲ್ಲೇ ಹೇಳಿದ್ದರು.

"ನಾ ಹೇಳಿದ್ದು ಮೆಣಸಿನಕಾಯಿಗೆ, ಅಣ್ಣಾ. ಕಂಡಕಂಡದ್ದಕ್ಕೆಲ್ಲಾ ಹಚ್ಕೊ ಅಂತ ಯಾವಾಗ ಹೇಳಿದೆ?"

ಇಂಜೆಕ್ಷನ್ನಿನಿಂದ ಅವರ ಬಾಯಿ ಒಣಗಿತ್ತು. ಕಣ್ಣಿನ ಬೊಟ್ಟು ಈಗ ಉಲ್ಟಾ ದೊಡ್ಡದಾಗಿ, ನಮ್ಮನ್ನೆಲ್ಲ ಬೆರಗಿನಿಂದ ನೋಡುವವರ ಹಾಗೆ ಕಾಣುತ್ತಿದ್ದರು. ತುಟಿ ಬಿಡಿಸಿ, ನಿಂದೇನೂ ತಪ್ಪಿಲ್ಲ ಎಂದರು. ಅವಳು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಅತ್ತಳು. ನಾನು ಹೋದರೆ, ಖಾರ ಕಣ್ಣಿಗೆ ಹೋಗೇತಿ ವೈನಿ, ಅಂದಳು.

ಮುಂದಿನ ದಿನಗಳಲ್ಲಿ ಡಾಕ್ಟರು ಬಂದಾಗಲೆಲ್ಲ ದಿಂಬಿನಿಂದ ತಲೆ ಎತ್ತಿ ಎನ್ನುತ್ತಿದ್ದಳು. ಕುತ್ತಿಗೆಯ ಶಕ್ತಿ ಹೋದರೆ ಉಸಿರಿನ ಶಕ್ತಿಯೂ ಹೋಗುವ ಸಂಭವವಿದೆಯಂತೆ. ನಮ್ಮವರು ಎತ್ತುತ್ತಿದ್ದರು. ಮನೆಯಲ್ಲಿ ಎಷ್ಟು ಕರೆದರೂ ದಿಂಬಿನಿಂದ ಏಳದ ತಲೆ ಅದು. ಡ್ರೈವರು ಒಂದು ದಿನ ಎತ್ತಲಿಲ್ಲ. ಅವರನ್ನು ಬೇರೆ ಕೋಣೆಗೆ ಒಯ್ದು ಉಸಿರಿನ ಮಷೀನು ಹಾಕಿದರು. ಆ ದಿನಗಳಲ್ಲಿ ನಮ್ಮವರು ಊಟ ಬೇಡ ಎಂದರು. ಡ್ರೈವರ ಹೆಂಡತಿ ನಮ್ಮ ಮಂಚದ ಬಳಿ ಬಂದು ನಿಲ್ಲುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಇವರು ನನಗೆ ಹೇಳಿದರು. ಮಷೀನು ತೆಗೆದ ದಿನ ಅವಳೇ ಬಂದು, ಅವರು ನಿಮ್ಮನ್ನು ಕೇಳುತ್ತಿದ್ದಾರೆ ಎಂದಳು. ನಾನು ಕೈಹಿಡಿದು ನಡೆಸಿಕೊಂಡು ಹೋದೆ. ಡ್ರೈವರು ದನಿಯಿಲ್ಲದೆ ಏನೋ ಅಂದರು. ನಮ್ಮವರು ಬಗ್ಗಿ ಕಿವಿಗೊಟ್ಟು ಕೇಳಿ, ಗೋಡೆಯ ಕಡೆ ತಿರುಗಿ ನಿಂತರು. ಏನಂದರೆಂದು ನಾನು ಕೇಳಿದ್ದಕ್ಕೆ, ಬೈದ ಎಂದರು. ಆ ಹೊತ್ತಿನ ಊಟ ಪೂರ್ತಿ ಮಾಡಿದರು.

ಬಿಡುಗಡೆಯಾದ ಮೇಲೆ, ರಕ್ತದ ಪರೀಕ್ಷೆ ಸರಿಬರುವ ತನಕ ಗಾಡಿ ಹತ್ತುವಂತಿಲ್ಲ ಎಂದು ಸಾಹೇಬರು ಮನೆಗೇ ಬಂದು ಹೇಳಿದರು. ಹೇಳಲು ಸಂಕೋಚಪಡುತ್ತಿದ್ದರು. ನಮ್ಮವರು ತಾವೇ, ಎದೆಯ ಕೆಮ್ಮನ್ನೂ ಪರೀಕ್ಷೆ ಮಾಡಿಸಿರಿ ಸರ್, ಬಹಳ ವರ್ಷದ್ದು ಇದೆ, ಎಂದರು. ಸಾಹೇಬರು ನನ್ನ ಮುಖ ನೋಡಿದರು. ನಾನು ಚಹಾ ತರಲು ಒಳಗೆ ಹೋದೆ.

ಫೋನಿನ ಮೇಜಿಗೆ ಕೂತ ಮೊದಲ ದಿನವೇ ಊರ ಹೊರಗೆ ಟೆಂಪೋದಿಂದ ಆಸಿಡ್ಡಿನ ಡಬ್ಬಿಗಳು ಉರುಳಿದ ಕರೆ ಬಂತಂತೆ. ಇವರು ಫೋನು ಮಾಡಿದವನಿಗೆ ದೂರ ಸರಿ, ಗಾಳಿ ಯಾವ ಕಡೆಯದು, ಡಬ್ಬಿಯ ಮೇಲೆ ಏನು ಬರೆದಿದೆ ಎಂದು ಕೇಳುತ್ತ ಹೋದರಂತೆ. ಅವನು ಬೇಸತ್ತು, ನೀವು ಬರುತ್ತೀರೋ ಇಲ್ಲ ಪರೀಕ್ಷೆ ತೆಗೆದುಕೊಳ್ಳುತ್ತೀರೋ ಎಂದನಂತೆ. ಗಾಡಿ ಹೊರಟಾಗ ಬಾಗಿಲಲ್ಲಿ ನಿಂತು ಹತ್ತುವವರ ಅಂಗೈಗಳನ್ನು ಒಬ್ಬೊಬ್ಬರದಾಗಿ ಮುಟ್ಟಿ ನೋಡಿದರಂತೆ. ತಿರುಗಿ ಬಂದಾಗ ಬಚ್ಚಲ ಹೊರಗೆ ಕುರ್ಚಿ ಹಾಕಿಕೊಂಡು ಕೂತು, ಸಾಬೂನಿನ ವಾಸನೆ ಬರದವರನ್ನು ಮತ್ತೆ ಒಳಗೆ ಕಳಿಸಿದರಂತೆ. ಅವರೆಲ್ಲ ಇವರ ಬಗ್ಗೆ ಏನಂದಿರಬಹುದೆಂದು ನನಗೆ ಗೊತ್ತು. ಬದುಕಿದವರು ಏನಾದರೂ ಅನ್ನಲಿ.

ಬೇಸರವಾಯಿತೇ ಎಂದು ಕೇಳಿದೆ.

"ಬ್ಯಾಸರ ಅಲ್ಲ. ಅವರು ತಿರುಗಿ ಬರೋತನಕಾ ಕುಂದರೋದೈತಲ್ಲ, ಅದು ಭಾಳ ತ್ರಾಸು" ಅಂದರು.

ಆ ಕೆಲಸವನ್ನು ನಾನು ಮದುವೆಯಾದಾಗಿನಿಂದ ಮಾಡುತ್ತಿದ್ದೇನೆ ಎಂದು ಹೇಳಬಹುದಿತ್ತು. ಪಲ್ಯ ತಳ ಹಿಡಿಯುತ್ತಿದ್ದದ್ದರಿಂದ ಎದ್ದು ಹೋದೆ.

ಆ ರಾತ್ರಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು, ಹಸಿ ಸೌತೆಕಾಯಿ ಉಂಡೆವು. ಅವರು ಮೂರನೆಯ ರೊಟ್ಟಿಗೆ ಬೇಡ ಎಂದು ಅರ್ಧ ಹಾಕಿಸಿಕೊಂಡರು. ಆಸ್ಪತ್ರೆಯಿಂದ ಬಂದಾಗಿನಿಂದ ಅವರ ಉಸಿರು ಒಂದೇ ಸಮನಾಗುವ ತನಕ ನಾನು ಗೋಡೆಗೊರಗಿ ಕೂತಿರುತ್ತಿದ್ದೆ. ಅಂದೂ ಹಾಗೇ ಕೂತೆ. ಮೊದಲು ನಿದ್ದೆ ಹೋದವಳು ನಾನೇ ಎಂದು ಮರುದಿನ ಅವರು ಹೇಳಿದರು.